ಬೆಲೆ ಇಳಿಯದಿದ್ದರೆ ಕೊಸರು ಕೇಳಿ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ಕಾರು ಕೊಳ್ಳುವ, ಮಾರುವ ಮಾರ್ಗದರ್ಶಿ

ರೆಡಿಂಗಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಸೇರುವ ಹೊಸ ಕುಟುಂಬಗಳು ಮೊದಲ ವಾರ ಕೇಳುವುದು ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತದೆ ಎಂದು. ಎರಡನೆಯ ತಿಂಗಳಿಗೆ ಕಾರಿನ ಪ್ರಶ್ನೆ ಬರುತ್ತದೆ. ರೆಡಿಂಗ್ ಊರಿನೊಳಗೆ ಬಸ್ಸಿಗೆ ಕೊರತೆಯಿಲ್ಲ, ಲಂಡನ್ನಿಗೆ ರೈಲಿದೆ. ಆದರೂ ಮಗುವಿಗೆ ಜ್ವರ ಬಂದ ಒಂದು ರಾತ್ರಿಯೋ, ಊರಿನಿಂದ ಅಪ್ಪ ಅಮ್ಮ ಬರುವ ಟಿಕೆಟ್ ಬುಕ್ ಆದ ದಿನವೋ, ಇನ್ನು ಕಾರಿಲ್ಲದೆ ಆಗದು ಎಂಬ ಮಾತು ಮನೆಯಲ್ಲಿ ಏಳುತ್ತದೆ.

ಗಾಂಧಿ ಬಜಾರಿನಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಹತ್ತು ನಿಮಿಷ ಚೌಕಾಸಿ ಮಾಡಿ ಬೆಳೆದ ನಾವು ಇಲ್ಲಿಯ ಶೋರೂಮಿಗೆ ಕಾಲಿಟ್ಟ ಕೂಡಲೇ ಮೂಕರಾಗುತ್ತೇವೆ. ಬಿಳಿ ಅಂಗಿಯ ಮಾರಾಟಗಾರ ಕಾಫಿ ತಂದುಕೊಟ್ಟರೆ ಮುಗಿಯಿತು, ಬರೆದ ಬೆಲೆಗೇ ತಲೆಯಾಡಿಸಿ ಸಹಿ ಹಾಕಿ ಬರುತ್ತೇವೆ. ಇಂಗ್ಲಿಷರು ಚೌಕಾಸಿ ಮಾಡುವುದಿಲ್ಲ ಎಂದು ಯಾರೋ ಹೇಳಿರುತ್ತಾರೆ. ಅದು ಸುಳ್ಳು. ಅವರೂ ಮಾಡುತ್ತಾರೆ, ದನಿ ಏರಿಸುವುದಿಲ್ಲ, ಅಷ್ಟೇ. ಇಲ್ಲಿ ಅರ್ಧ ಚೌಕಾಸಿ ಹಿಂದಿನ ರಾತ್ರಿ ನಿಮ್ಮ ಮನೆಯ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪ್ ಮುಂದೆ ನಡೆಯುತ್ತದೆ.

ಮೊದಲು ವಿಮೆ, ಆಮೇಲೆ ಕಾರು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಈ ದೇಶದ ಕಾರಿನ ವಿಷಯದಲ್ಲಿ ಮಾತ್ರ ಕುಲಾವಿಯನ್ನೇ ಮೊದಲು ಹೊಲಿಸಬೇಕು. ನಾವು ಬಂದ ಹೊಸದರಲ್ಲಿ ಒಂದು ಹಳೆಯ ಕಾರಿಗೆ 2,400 ಪೌಂಡ್ ಕೊಟ್ಟು, ಆಮೇಲೆ ವಿಮೆಗೆ ವಿಚಾರಿಸಿದೆವು. ವರ್ಷಕ್ಕೆ 1,300 ಎಂದರು. ಬೆಂಗಳೂರಿನಲ್ಲಿ ಎಂಟು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ ನನ್ನ ಯಜಮಾನರ ಚರಿತ್ರೆಗೆ ಆ ಕಂಪನಿಯ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲ. ಕಾರು ಹತ್ತು ದಿನ ಮನೆಯ ಮುಂದೆ ನಿಂತಿತ್ತು, ನಾವು ಬಸ್ಸಿನಲ್ಲಿ ಓಡಾಡಿದೆವು.

ಆದ್ದರಿಂದ ಜಾಹೀರಾತಿನಲ್ಲಿ ಕಾಣುವ ನಂಬರ್ ಪ್ಲೇಟನ್ನು ಬೆಲೆ ಹೋಲಿಸುವ ಜಾಲತಾಣಗಳಲ್ಲಿ ಹಾಕಿ, ನಿಮ್ಮ ಪಿನ್‌ಕೋಡಿಗೆ, ನಿಮ್ಮ ಲೈಸೆನ್ಸಿಗೆ ವಿಮೆ ಎಷ್ಟಾಗುತ್ತದೆಂದು ಮೊದಲೇ ನೋಡಿ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಓಡಿಸಬಹುದು. ಅದನ್ನು ಕೊಟ್ಟು ಇಲ್ಲಿಯದನ್ನು ಪಡೆಯುವ ವ್ಯವಸ್ಥೆ ಇಲ್ಲ. ಪ್ರಾವಿಷನಲ್ ಲೈಸೆನ್ಸ್, ಥಿಯರಿ ಪರೀಕ್ಷೆ, ರಸ್ತೆಯ ಪರೀಕ್ಷೆ ಎಲ್ಲವನ್ನೂ ಮಾಡಬೇಕು. ರಸ್ತೆ ಪರೀಕ್ಷೆಗೆ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ ಬಂದ ತಿಂಗಳೇ ಪ್ರಾವಿಷನಲ್ ಲೈಸೆನ್ಸಿಗೆ ಅರ್ಜಿ ಹಾಕಿ. ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು ಎಂಬುದೂ ನೆನಪಿರಲಿ, ಯಾವ ಕಾರು ಎಂದು ನಿರ್ಧರಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಕೆಲಸವಿದೆ. ಭಾರತೀಯರು ಕಾಮನ್‌ವೆಲ್ತ್ ನಾಗರಿಕರಾದ್ದರಿಂದ ವೀಸಾದ ಮೇಲೆ ಬಂದವರೂ ಇಲ್ಲಿ ಮತದಾರರ ಪಟ್ಟಿಗೆ ಸೇರಬಹುದು, ಮತವನ್ನೂ ಹಾಕಬಹುದು. ಹೊಸಬರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಸಾಲ ಕೊಡುವವರು ನಿಮ್ಮ ಹೆಸರು, ವಿಳಾಸವನ್ನು ತಾಳೆ ನೋಡುವುದು ಆ ಪಟ್ಟಿಯಲ್ಲಿ. ಸಾಲದ ಮೇಲೆ ಕಾರು ಕೊಳ್ಳುವ ಯೋಚನೆಯಿದ್ದರೆ ಇವತ್ತೇ ನೋಂದಾಯಿಸಿಕೊಳ್ಳಿ.

ಸರಿಯಾದ ಬೆಲೆ ಯಾವುದು

ಬಳಸಿದ ಕಾರುಗಳ ಜಾಹೀರಾತಿಗೆ ಇಲ್ಲಿ ಎಲ್ಲರೂ ನೋಡುವುದು ಆಟೊ ಟ್ರೇಡರ್. ನಮ್ಮ ರೆಡಿಂಗಿನವರಿಗೆ ಅದು ಮನೆಯ ಮಗು ಇದ್ದ ಹಾಗೆ. 1977ರಲ್ಲಿ ಜಾನ್ ಮಡೆಸ್ಕಿ ಇದನ್ನು 'ಥೇಮ್ಸ್ ವ್ಯಾಲಿ ಟ್ರೇಡರ್' ಎಂಬ ಪತ್ರಿಕೆಯಾಗಿ ಶುರುಮಾಡಿದರು. 2013ರಲ್ಲಿ ಮುದ್ರಣ ನಿಂತು ಪೂರ್ತಿ ಆನ್‌ಲೈನ್ ಆಯಿತು. ಊರಿನ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಬಹಳ ಕಾಲ ಅವರದೇ ಹೆಸರಿತ್ತು. ಈಗ ಅದಕ್ಕೆ ಕಾರು ಲೀಸ್ ಕೊಡುವ ಕಂಪನಿಯೊಂದರ ಹೆಸರು. ಒಟ್ಟಿನಲ್ಲಿ ಈ ಊರಿಗೂ ಕಾರಿನ ವ್ಯಾಪಾರಕ್ಕೂ ಹಳೆಯ ನಂಟು.

ಅಲ್ಲಿ ನಿಮಗೆ ಹಿಡಿಸಿದ ಒಂದು ಮಾದರಿಯನ್ನು ತೆಗೆದುಕೊಂಡು, ಅದೇ ವರ್ಷದ, ಹತ್ತಿರಹತ್ತಿರ ಅಷ್ಟೇ ಮೈಲಿ ಓಡಿದ ಎಂಟು ಹತ್ತು ಕಾರುಗಳ ಬೆಲೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಂಬರ್ ಪ್ಲೇಟಿನ ನಡುವಿನ ಎರಡು ಅಂಕಿಗಳೇ ಕಾರಿನ ಜಾತಕ. ಮಾರ್ಚ್ 1ರಿಂದ ನೋಂದಾಯಿಸಿದ್ದಕ್ಕೆ ಆ ವರ್ಷದ ಅಂಕಿ, ಸೆಪ್ಟೆಂಬರ್ 1ರಿಂದ ನೋಂದಾಯಿಸಿದ್ದಕ್ಕೆ ಅದಕ್ಕೆ ಐವತ್ತು ಕೂಡಿಸಿದ ಅಂಕಿ. 15 ಎಂದಿದ್ದರೆ 2015ರ ಮಾರ್ಚ್ ನಂತರದ್ದು, 65 ಎಂದಿದ್ದರೆ ಅದೇ ವರ್ಷದ ಸೆಪ್ಟೆಂಬರ್ ನಂತರದ್ದು. ಹೊಸ ಪ್ಲೇಟ್ ಬರುವ ಈ ಎರಡು ತಿಂಗಳಲ್ಲಿ ಜನ ಹಳೆಯ ಕಾರನ್ನು ಕೊಟ್ಟು ಹೊಸದನ್ನು ಒಯ್ಯುತ್ತಾರೆ. ಅದರ ಮುಂದಿನ ಕೆಲವು ವಾರ ಡೀಲರುಗಳ ಅಂಗಳ ಹಳೆಯ ಕಾರುಗಳಿಂದ ತುಂಬಿರುತ್ತದೆ. ನಿಮಗೆ ಅವಸರವಿಲ್ಲದಿದ್ದರೆ ಆಗ ಹೋಗಿ. ತಿಂಗಳ ಕೊನೆ, ಅದರಲ್ಲೂ ಮೂರು ತಿಂಗಳ ಲೆಕ್ಕ ಮುಗಿಯುವ ವಾರ, ಮಾರಾಟಗಾರನಿಗೆ ಗುರಿ ಮುಟ್ಟುವ ಒತ್ತಡವಿರುತ್ತದೆ.

ಬೆಲೆಯ ಜೊತೆಗೆ ಅಂಟಿಕೊಂಡು ಬರುವ ಎರಡು ಖರ್ಚುಗಳು. ಒಂದು, ಹೆಚ್ಚು ಹೊಗೆ ಉಗುಳುವ ವಾಹನಗಳಿಗೆ ಲಂಡನ್ನಿನಲ್ಲಿ ಹಾಕುವ ಯುಲೆಝ್ ಶುಲ್ಕ. 2023ರ ಆಗಸ್ಟ್ 29ರಿಂದ ಅದು ಇಡೀ ಲಂಡನ್ನಿಗೆ ಹರಡಿದೆ, ಹೀಥ್ರೂ ವಿಮಾನ ನಿಲ್ದಾಣವೂ ಒಳಗೇ ಇದೆ. ನಿಯಮಕ್ಕೆ ಹೊಂದದ ಕಾರಾದರೆ ಅತ್ತೆ ಮಾವನನ್ನು ಕರೆತರಲು ಹೋದ ದಿನ 12.50 ಪೌಂಡ್, ಬಿಟ್ಟು ಬರುವ ದಿನ ಮತ್ತೆ 12.50. ಹೊಗೆಯ ಮಾನದಂಡ ಪೆಟ್ರೋಲ್ ಆದರೆ ಯೂರೋ 4, ಡೀಸೆಲ್ ಆದರೆ ಯೂರೋ 6 ಇರಬೇಕು. 2015ಕ್ಕಿಂತ ಹಳೆಯ ಡೀಸೆಲ್ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ಅಗ್ಗವಾಗಿರುವುದಕ್ಕೆ ಇದೂ ಒಂದು ಕಾರಣ. ಎರಡು, ವಾಹನ ತೆರಿಗೆ. 2017ರ ಏಪ್ರಿಲ್‌ಗೆ ಮೊದಲು ನೋಂದಾಯಿಸಿದ ಕೆಲವು ಸಣ್ಣ ಪೆಟ್ರೋಲ್ ಕಾರುಗಳಿಗೆ 2025-26ರ ದರದಲ್ಲಿ ವರ್ಷಕ್ಕೆ 20 ಅಥವಾ 35 ಪೌಂಡ್ ಸಾಕಿತ್ತು. ಆಮೇಲಿನವುಗಳಿಗೆ 195 ಇತ್ತು. ಹೊಸದಾಗಿದ್ದಾಗ ಪಟ್ಟಿಯ ಬೆಲೆ 40,000 ದಾಟಿದ್ದ ಕಾರಿಗೆ ಎರಡನೆಯ ವರ್ಷದಿಂದ ಐದು ವರ್ಷ ಹೆಚ್ಚುವರಿ ತೆರಿಗೆಯಿದೆ, 2025-26ರಲ್ಲಿ ಅದು 425 ಇತ್ತು. ನೀವು ಅದನ್ನು ಅರ್ಧ ಬೆಲೆಗೆ ಕೊಂಡಿದ್ದರೂ ಆ ದರದಲ್ಲಿ ವರ್ಷಕ್ಕೆ 620 ಪೌಂಡ್ ಕಟ್ಟುವುದು ತಪ್ಪುತ್ತಿರಲಿಲ್ಲ.

ಎಂಒಟಿ ಚರಿತ್ರೆ ನಿಮ್ಮ ವಕೀಲ

ಮೂರು ವರ್ಷ ತುಂಬಿದ ಪ್ರತಿ ಕಾರಿಗೂ ವರ್ಷಕ್ಕೊಮ್ಮೆ ಎಂಒಟಿ, ಅಂದರೆ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆ, ಕಡ್ಡಾಯ. ಸರ್ಕಾರದ ಜಾಲತಾಣದಲ್ಲಿ ನಂಬರ್ ಪ್ಲೇಟ್ ಹಾಕಿದರೆ ಆ ಕಾರಿನ ಹಿಂದಿನ ತಪಾಸಣೆಗಳೆಲ್ಲ ಉಚಿತವಾಗಿ ತೆರೆದುಕೊಳ್ಳುತ್ತವೆ. ಯಾವ ವರ್ಷ ಫೇಲಾಯಿತು, ಏಕೆ, ಆಗ ಎಷ್ಟು ಮೈಲಿ ಓಡಿತ್ತು, ಎಲ್ಲವೂ. ಮೈಲಿ ಒಂದು ವರ್ಷ ಹಿಂದಕ್ಕೆ ಸರಿದಿದ್ದರೆ ಆ ಕಾರಿನ ಹತ್ತಿರ ಸುಳಿಯಬೇಡಿ. ಪಾಸಾದ ಕಾರಿಗೂ 'ಅಡ್ವೈಸರಿ' ಎಂಬ ಸಾಲುಗಳಿರುತ್ತವೆ. ಈಗ ಪರವಾಗಿಲ್ಲ, ಬೇಗ ರಿಪೇರಿ ಬೇಕಾಗುತ್ತದೆ ಎಂದು ಅವುಗಳ ಅರ್ಥ. ಚೌಕಾಸಿಯ ಬಂಡವಾಳ ಈ ಸಾಲುಗಳೇ.

ಹೋದ ಶರತ್ಕಾಲದಲ್ಲಿ ದಾವಣಗೆರೆಯಿಂದ ಬಂದ ಒಂದು ದಂಪತಿಯ ಜೊತೆ ನಾನೂ ಹೋಗಿದ್ದೆ. 65 ಪ್ಲೇಟಿನ ಹೋಂಡಾ ಜಾಝ್, 7,495 ಪೌಂಡ್ ಎಂದು ಗಾಜಿನ ಮೇಲೆ ಬರೆದಿತ್ತು. ಆ ಹುಡುಗಿ ಎಂಒಟಿ ಚರಿತ್ರೆಯನ್ನು ಮುದ್ರಿಸಿ ತಂದಿದ್ದಳು, ಎರಡು ಸಾಲುಗಳ ಮೇಲೆ ಹಳದಿ ಬಣ್ಣ ಬಳಿದಿದ್ದಳು. ಮುಂದಿನ ಎರಡು ಟೈರುಗಳು ಸವೆದು ಮಿತಿಗೆ ಹತ್ತಿರ ಬಂದಿವೆ, ಹಿಂದಿನ ಬ್ರೇಕ್ ಡಿಸ್ಕ್‌ಗಳು ಸವೆದಿವೆ. ಕಾರಿನ ಹತ್ತಿರ ಬಗ್ಗಿ, ಪರ್ಸಿನಿಂದ 20 ಪೆನ್ಸಿನ ನಾಣ್ಯ ತೆಗೆದು ಟೈರಿನ ಗೀರಿನೊಳಗೆ ನಿಲ್ಲಿಸಿದಳು. ನಾಣ್ಯದ ಅಂಚಿನ ಪಟ್ಟಿ ಒಳಗೆ ಮುಚ್ಚಿಹೋದರೆ ಟೈರ್ ಸರಿಯಿದೆ. ಹೊರಗೆ ಕಂಡರೆ ಕಾನೂನಿನ ಮಿತಿಯಾದ 1.6 ಮಿಲಿಮೀಟರಿಗಿಂತ ಕಡಿಮೆಯಾಗಿರಬಹುದು. ಪಟ್ಟಿ ಅರ್ಧಕ್ಕರ್ಧ ಹೊರಗಿತ್ತು. ಮಾರಾಟಗಾರ ನೋಡುತ್ತಲೇ ನಿಂತಿದ್ದ. ಅವಳು ಏನೂ ಹೇಳದೆ ಎದ್ದು, ಎರಡನೆಯ ಕೀಲಿ ಎಲ್ಲಿ ಎಂದು ಕೇಳಿದಳು. ಇರಲಿಲ್ಲ.

ಲೆಕ್ಕ ಮೊದಲೇ ಬರೆದಿಟ್ಟಿದ್ದಳು. ಟೈರಿಗೆ 150, ಬ್ರೇಕಿಗೆ 220, ಕೀಲಿಗೆ 200. ಹಾಳೆಯನ್ನು ಮೇಜಿನ ಮೇಲಿಟ್ಟು, "ಕಾರು ನಮಗೆ ಇಷ್ಟವಾಗಿದೆ. ಈ ಖರ್ಚುಗಳಿರುವುದರಿಂದ 6,900 ಕೊಡುತ್ತೇವೆ, ಇವತ್ತೇ ಕೊಡುತ್ತೇವೆ" ಎಂದಳು. ಅವನು ಕುರ್ಚಿಗೆ ಒರಗಿದ. ಮೌನ. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಕ್ಕಾ, ಕಡಿಮೆ ಹೇಳಿಬಿಟ್ಟೆನಾ? ಇನ್ನು ಸ್ವಲ್ಪ ಏರಿಸಲಾ?" ಎಂದು ಪಿಸುಗುಟ್ಟಿದಳು.

"ಸುಮ್ಮನೆ ಕಾಫಿ ಕುಡಿ ತಾಯಿ" ಎಂದೆ.

ನಮ್ಮವರು ಸೋಲುವುದು ಇಲ್ಲಿ. ಎದುರಿನವರು ಅರ್ಧ ನಿಮಿಷ ಮಾತಾಡದಿದ್ದರೆ ನಮಗೇ ಮುಜುಗರವಾಗಿ, ಯಾರೂ ಕೇಳದೆಯೇ ಇನ್ನೂರು ಪೌಂಡ್ ಏರಿಸುತ್ತೇವೆ. ಮೊತ್ತ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಅವನು ಮ್ಯಾನೇಜರನ್ನು ಕೇಳಿಬರುತ್ತೇನೆಂದು ಒಳಗೆ ಹೋದ, ಬಂದ, 7,350 ಎಂದ. ಅವಳು 7,000 ಎಂದಳು. ಅವನು 7,150ಕ್ಕೆ ನಿಂತ, ಇನ್ನು ಒಂದು ಪೌಂಡ್ ಕೂಡ ಇಳಿಯಲಾರೆ ಎಂದ. ಮುಖ ನೋಡಿದರೆ ನಿಜವೇ ಹೇಳುತ್ತಿದ್ದಾನೆ ಎನಿಸಿತು.

ಆಗ ಕೊಸರು ಕೇಳುವ ಹೊತ್ತು. ನಮ್ಮಜ್ಜಿ ಸಂತೆಯಲ್ಲಿ ಸೇರಿನ ಲೆಕ್ಕದಲ್ಲಿ ಅವರೆಕಾಯಿ ಅಳೆಸಿಕೊಂಡ ಮೇಲೆ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. "ಕೊಸರು ಹಾಕಪ್ಪಾ" ಎಂದು ಹಿಡಿದೇ ಇರುತ್ತಿದ್ದಳು, ಅವನು ಒಂದು ಹಿಡಿ ಹಾಕುವವರೆಗೆ. ಇಲ್ಲಿಯೂ ಅದೇ. ಬೆಲೆ ಇಳಿಸಿದರೆ ಅದು ಅಂಗಡಿಯ ಪುಸ್ತಕದಲ್ಲಿ ಕಾಣುತ್ತದೆ, ಮಾರಾಟಗಾರನಿಗೆ ಅಷ್ಟು ಅಧಿಕಾರವಿರುವುದಿಲ್ಲ. ಹಿಂಬದಿಯಲ್ಲಿ ಅವರದೇ ವರ್ಕ್‌ಶಾಪ್ ಇರುವುದರಿಂದ ಟೈರ್ ಹಾಕಿಸುವುದು, ಸರ್ವಿಸ್ ಮಾಡಿಸುವುದು, ಹೊಸದಾಗಿ 12 ತಿಂಗಳ ಎಂಒಟಿ ಮಾಡಿಸಿಕೊಡುವುದು ಅವರಿಗೆ ಹೊರಗಿನ ದರದಷ್ಟು ಬೀಳುವುದಿಲ್ಲ. ಮುಂದಿನ ಎರಡು ಹೊಸ ಟೈರು, ಎಂಒಟಿ, ಎರಡನೆಯ ಕೀಲಿ ಕೇಳಿದಳು, ಮೂರೂ ಸಿಕ್ಕವು. ಬೆಲೆಯಲ್ಲಿ ಇಳಿದದ್ದು 345 ಪೌಂಡ್, ಕೊಸರಿನ ಬೆಲೆ 400ರ ಹತ್ತಿರ. ಹೀಗೆ ಒಪ್ಪಿಕೊಂಡದ್ದನ್ನೆಲ್ಲ ಆರ್ಡರ್ ಚೀಟಿಯಲ್ಲಿ ಬರೆಸಿ. ಬಾಯಿಮಾತಿನ ಕೀಲಿ ಬಾಗಿಲು ತೆಗೆಯುವುದಿಲ್ಲ.

ಎಷ್ಟು ಇಳಿಯಬಹುದು ಎಂದು ಕೇಳುತ್ತೀರಿ. ಸಾಮಾನ್ಯ ಬಳಸಿದ ಕಾರಿನಲ್ಲಿ ಕೆಲವು ನೂರು ಪೌಂಡ್, ಸಾವಿರಗಟ್ಟಲೆ ಅಲ್ಲ. ಎಲ್ಲರ ಬೆಲೆಯೂ ಆನ್‌ಲೈನಿನಲ್ಲಿ ಎಲ್ಲರಿಗೂ ಕಾಣುವುದರಿಂದ ಮೊದಲೇ ಬಿಗಿಯಾಗಿ ಬರೆದಿರುತ್ತಾರೆ. ಕೆಲವು ದೊಡ್ಡ ಮಳಿಗೆಗಳಲ್ಲಿ ಒಂದೇ ಬೆಲೆ, ಅಲ್ಲಿ ಕೇಳಿ ಪ್ರಯೋಜನವಿಲ್ಲ. ಅರ್ಧ ಬೆಲೆಗೆ ಕೇಳಿದರೆ ಯಾರೂ ಬಾಗಿಲು ತೋರಿಸುವುದಿಲ್ಲ, ಮುಗುಳ್ನಗುತ್ತಾರೆ. ಈ ದೇಶದಲ್ಲಿ ಅದೇ ಬಾಗಿಲು ತೋರಿಸಿದ ಹಾಗೆ.

ತಿಂಗಳಿಗೆ ಎಷ್ಟು ಕೊಡಬಲ್ಲಿರಿ?

ಈ ಪ್ರಶ್ನೆಗೆ ಉತ್ತರ ಕೊಡಬೇಡಿ. ತಿಂಗಳಿಗೆ 250 ಎಂದುಬಿಟ್ಟರೆ, ಅವಧಿಯನ್ನು ಹಿಗ್ಗಿಸಿ ಯಾವ ಕಾರನ್ನಾದರೂ ಆ 250ರೊಳಗೆ ಕೂರಿಸುತ್ತಾರೆ. ಮೊದಲು ಕಾರಿನ ಪೂರ್ತಿ ಬೆಲೆ ತೀರ್ಮಾನವಾಗಲಿ, ಸಾಲದ ಮಾತು ಆಮೇಲೆ. ಪಿಸಿಪಿ ಎಂಬ ಪದ್ಧತಿ ಇಲ್ಲಿ ಬಹಳ ಚಾಲ್ತಿಯಲ್ಲಿದೆ. ತಿಂಗಳ ಕಂತು ಸಣ್ಣದು, ಕೊನೆಗೆ ಒಂದು ದೊಡ್ಡ ಮೊತ್ತ ಕಟ್ಟಿದರೆ ಮಾತ್ರ ಕಾರು ನಿಮ್ಮದು, ಇಲ್ಲದಿದ್ದರೆ ವಾಪಸು ಕೊಡಬೇಕು. ಒಪ್ಪಿದ್ದಕ್ಕಿಂತ ಹೆಚ್ಚು ಮೈಲಿ ಓಡಿಸಿದ್ದರೆ ಮೈಲಿಗಿಷ್ಟು ಎಂದು ದಂಡ. ಎರಡು ವರ್ಷದ ವೀಸಾ ಕೈಯಲ್ಲಿಟ್ಟುಕೊಂಡು ನಾಲ್ಕು ವರ್ಷದ ಕರಾರಿಗೆ ಸಹಿ ಹಾಕುವುದು ನನಗಂತೂ ಸರಿಕಾಣುವುದಿಲ್ಲ. ಬ್ಯಾಂಕಿನ ವೈಯಕ್ತಿಕ ಸಾಲದ ಬಡ್ಡಿ ಎಷ್ಟೆಂದು ಮೊದಲು ಕೇಳಿಕೊಂಡು ಹೋಗಿ, ಹೋಲಿಸಲು ಒಂದು ಅಳತೆ ಇರುತ್ತದೆ.

ಹಳೆಯ ಕಾರನ್ನು ಅಲ್ಲೇ ಕೊಟ್ಟು ಹೊಸದನ್ನು ಒಯ್ಯುವವರಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಆಟ ಕಾದಿರುತ್ತದೆ. ಹಳೆಯದಕ್ಕೆ 500 ಹೆಚ್ಚು ಕೊಟ್ಟೆವೆಂದು ಖುಷಿಪಡಿಸಿ, ಹೊಸದರಲ್ಲಿ ಆ 500ರ ರಿಯಾಯಿತಿ ನಿಲ್ಲಿಸುತ್ತಾರೆ. ನಿಮ್ಮ ಕೈಯಿಂದ ಕೊನೆಗೆ ಹೋಗುವ ವ್ಯತ್ಯಾಸದ ಮೊತ್ತ ಒಂದನ್ನೇ ಹಿಡಿದು ಮಾತಾಡಿ. ಬಣ್ಣಕ್ಕೆ ರಕ್ಷಾಲೇಪ, ಚಕ್ರಕ್ಕೆ ವಿಮೆ, ಹೆಚ್ಚುವರಿ ವಾರಂಟಿ ಎಂದು ಸಹಿ ಹಾಕುವ ಹೊತ್ತಿಗೆ ಬರುವ ತಿಂಡಿ ತಟ್ಟೆಗೆ ಬೇಡ ಎನ್ನಿ. ಒತ್ತಾಯಿಸಿದರೆ ಇನ್ನೊಮ್ಮೆ ಬೇಡ ಎನ್ನಿ.

ಹಣ ಕೊಡುವಾಗ ಮುಂಗಡದ ಒಂದು ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. ಕಾರಿನ ಬೆಲೆ 30,000 ಮೀರದಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ಸೆಕ್ಷನ್ ಪ್ರಕಾರ ಕಾರ್ಡಿನ ಕಂಪನಿಯೂ ಪೂರ್ತಿ ಬೆಲೆಗೆ ಹೊಣೆಯಾಗುತ್ತದೆ. ಡೀಲರ್ ಬಳಿ ಕೊಂಡ ಕಾರಿನಲ್ಲಿ ದೋಷವಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ 30 ದಿನದೊಳಗೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು.

ಕಾರಿನ ಮಾಲೀಕರಿಂದ ನೇರವಾಗಿ ಕೊಂಡರೆ

ಈ 30 ದಿನದ ಹಕ್ಕು ಖಾಸಗಿ ಮಾರಾಟಕ್ಕಿಲ್ಲ. ಬೆಲೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣ. ಕಾರನ್ನು ಅವರ ಮನೆಯಲ್ಲೇ, ಹಗಲಿನಲ್ಲಿ, ಮಳೆಯಿಲ್ಲದಾಗ ನೋಡಿ (ಇಂಗ್ಲೆಂಡಿನಲ್ಲಿ ಈ ಕೊನೆಯದು ಕಷ್ಟವೆಂದು ಗೊತ್ತು. ಆದರೂ ಒದ್ದೆ ಬಣ್ಣದ ಮೇಲೆ ಗೀರು ಕಾಣುವುದಿಲ್ಲ). ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಎಂಜಿನ್ ಓಡಿಸಿದ್ದಾರೆ, ತಣ್ಣಗಿನ ಎಂಜಿನ್ ಶುರುವಾಗುವಾಗ ಕಾಣುವ ದೋಷವನ್ನು ಮುಚ್ಚಿಡಲು ಇರಬಹುದು. ಕಾರಿನ ನೋಂದಣಿ ಪತ್ರವಾದ ವಿ5ಸಿ ಲಾಗ್‌ಬುಕ್ಕಿನಲ್ಲಿರುವ ಹೆಸರು, ವಿಳಾಸ ನೀವು ನಿಂತಿರುವ ಮನೆಯದೇ ಎಂದು ನೋಡಿ. ಲಾಗ್‌ಬುಕ್ ಮಾಲೀಕತ್ವದ ಪತ್ರವಲ್ಲ, ಅದರ ಮೇಲೆಯೇ ಹಾಗೆಂದು ಮುದ್ರಿಸಿರುತ್ತಾರೆ. ಸಾಲ ಬಾಕಿ ಇದೆಯೇ, ಕಳವಿನದೇ, ಅಪಘಾತದಲ್ಲಿ ವಿಮಾ ಕಂಪನಿ ಕೈಬಿಟ್ಟದ್ದೇ ಎಂದು ತಿಳಿಯಲು 20 ಪೌಂಡ್ ಒಳಗೆ ಆನ್‌ಲೈನ್ ತಪಾಸಣೆ ಸಿಗುತ್ತದೆ. 'ಕ್ಯಾಟ್ ಎಸ್', 'ಕ್ಯಾಟ್ ಎನ್' ಎಂದು ಬಂದರೆ ಅಪಘಾತದಂಥ ಹಾನಿಯ ನಂತರ ವಿಮಾ ಕಂಪನಿ ಕೈಬಿಟ್ಟು, ಮತ್ತೆ ರಸ್ತೆಗೆ ಬಂದ ಕಾರು. ನಾನಾದರೆ ಬಿಡುತ್ತೇನೆ.

ಮಗುವಿನ ಸೀಟನ್ನು, ಊರಿಗೆ ಒಯ್ಯುವ ಎರಡು ದೊಡ್ಡ ಸೂಟ್‌ಕೇಸುಗಳನ್ನು ಜೊತೆಗೇ ತೆಗೆದುಕೊಂಡು ಹೋಗಿ ಡಿಕ್ಕಿಯಲ್ಲಿಟ್ಟು ನೋಡಿ. ಮಾರುವವರು ನಗಲಿ ಬಿಡಿ.

ಹಣ ಕಳಿಸುವಾಗ ಮೊದಲು ಒಂದು ಪೌಂಡ್ ಕಳಿಸಿ, ತಲುಪಿತೆಂದ ಮೇಲೆ ಉಳಿದದ್ದು. ರಸೀದಿ ಎರಡು ಪ್ರತಿ, ಇಬ್ಬರ ಸಹಿ. ತೆರಿಗೆ ಕಾರಿನ ಜೊತೆ ಬರುವುದಿಲ್ಲ. ಮಾರುವವರು ಲಾಗ್‌ಬುಕ್ಕಿನಿಂದ ಹರಿದುಕೊಡುವ ಹಸಿರು ಚೀಟಿಯಲ್ಲಿರುವ ಸಂಖ್ಯೆಯಿಂದ ಅಲ್ಲೇ ನಿಂತು ಮೊಬೈಲಿನಲ್ಲಿ ಕಟ್ಟಿ, ವಿಮೆ ಶುರುವಾದ ಮೇಲೆ ಮಾತ್ರ ಕೀಲಿ ತಿರುಗಿಸಿ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ದಂಡದ ಪಾಯಿಂಟ್. ಇಲ್ಲಿ ಮೊದಲ ಸಲ ಪರೀಕ್ಷೆ ಪಾಸಾಗಿ ಎರಡು ವರ್ಷ ತುಂಬದವರಿಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ.

ನಮ್ಮವರಿಂದಲೇ ಕೊಳ್ಳುವ ಬಗ್ಗೆ ಒಂದು ಮಾತು. ಊರಿಗೆ ಹೊರಟವರು ಗುಂಪಿನಲ್ಲಿ ಕಾರು ಮಾರಲು ಹಾಕುತ್ತಾರೆ, ಒಳ್ಳೆಯ ಕಾರುಗಳೂ ಸಿಗುತ್ತವೆ. "ನಮ್ಮವರೇ ಅಲ್ಲವೇ" ಎಂದು ತಪಾಸಣೆ ಬಿಡಬೇಡಿ. ಮೂರು ತಿಂಗಳಲ್ಲಿ ಕ್ಲಚ್ ಹೋದರೆ ಯುಗಾದಿ ಊಟದ ಪಂಕ್ತಿಯಲ್ಲಿ ಅವರ ಅಣ್ಣನ ಎದುರು ಕೂರುವುದು ನೀವೇ. ಕಾಗದ ನೋಡಿದರೆ ಯಾರಿಗೂ ಅವಮಾನವಲ್ಲ.

ಮಾರುವಾಗ

ಊರಿಗೆ ಮರಳುವವರು ಮಾಡುವ ದೊಡ್ಡ ತಪ್ಪು ಕೊನೆಯ ವಾರದವರೆಗೆ ಕಾರು ಇಟ್ಟುಕೊಳ್ಳುವುದು. ಆರು ವಾರ ಮೊದಲೇ ಜಾಹೀರಾತು ಹಾಕಿ, ವಿಮಾನದ ದಿನಾಂಕವನ್ನು ಮಾತ್ರ ಯಾರಿಗೂ ಹೇಳಬೇಡಿ. ಕೊಳ್ಳುವವನಿಗೆ ಅದು ತಿಳಿದರೆ ಅವನು ಕಾಯುತ್ತಾನೆ, ನೀವು ಇಳಿಯುತ್ತೀರಿ.

ಕಾರು ಕೊಳ್ಳುವ ಆನ್‌ಲೈನ್ ಕಂಪನಿಗಳು ನಿಮಿಷದಲ್ಲಿ ಒಂದು ಬೆಲೆ ಹೇಳುತ್ತವೆ. ಕಾರನ್ನು ತೋರಿಸಲು ಹೋದ ದಿನ ಪ್ರತಿ ಗೀರಿಗೂ ಕಡಿತ, ಮೇಲೆ ಶುಲ್ಕ. ಆ ಬೆಲೆಯನ್ನು ಕನಿಷ್ಠವೆಂದು ಬರೆದಿಟ್ಟುಕೊಂಡು, ಅದಕ್ಕಿಂತ ಮೇಲೆ ಖಾಸಗಿಯಾಗಿ ಪ್ರಯತ್ನಿಸಿ. ಹುಡುಕುವವರು ಸಾವಿರದ ಲೆಕ್ಕದಲ್ಲಿ ಮಿತಿ ಹಾಕುತ್ತಾರೆ. 7,050 ಎಂದು ಬರೆದರೆ, 7,000ದೊಳಗೆ ಎಂದು ಹುಡುಕುವ ಯಾರಿಗೂ ನಿಮ್ಮ ಕಾರು ಕಾಣುವುದಿಲ್ಲ, 6,995 ಎನ್ನಿ. ಎಂಒಟಿ ಮುಗಿಯುತ್ತಾ ಬಂದಿದ್ದರೆ 54.85 ಪೌಂಡ್ ಮೀರದ ಆ ತಪಾಸಣೆ ಮಾಡಿಸಿಯೇ ಮಾರಿ. ಎರಡೂ ಕೀಲಿ, ಸರ್ವಿಸ್ ಬಿಲ್ಲುಗಳ ಕಡತ ಮೇಜಿನ ಮೇಲಿರಲಿ. ನೀವು ಕೊಂಡಾಗ ಏನೇನು ಕೇಳಿದ್ದಿರೋ ಅದನ್ನೆಲ್ಲ ಈಗ ಎದುರಿನವರು ಕೇಳುತ್ತಾರೆ. ಓಡಿಸಿ ನೋಡುತ್ತೇನೆ ಎಂದವರ ವಿಮೆಯನ್ನು ಕೇಳಿ ನೋಡಿ, ಪಕ್ಕದಲ್ಲಿ ನೀವೇ ಕುಳಿತುಕೊಳ್ಳಿ. ಹಣ ಬಂದಿದೆ ಎಂದು ಅವರು ತೋರಿಸುವ ಮೊಬೈಲ್ ಚಿತ್ರವನ್ನಲ್ಲ, ನಿಮ್ಮ ಬ್ಯಾಂಕಿನ ಖಾತೆಯನ್ನೇ ನೋಡಿ.

ಕಾರು ಬೀದಿ ದಾಟುವ ಮೊದಲೇ, ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯ ಜಾಲತಾಣದಲ್ಲಿ ಮಾರಿದ್ದೇವೆಂದು ತಿಳಿಸಿ. ಇಲ್ಲದಿದ್ದರೆ ಕೊಂಡವರ ವೇಗದ ದಂಡದ ಪತ್ರಗಳು ನಿಮ್ಮ ಮನೆಗೇ ಬರುತ್ತವೆ, ತಿಳಿಸದಿದ್ದದ್ದಕ್ಕೆ 1,000 ಪೌಂಡ್ ವರೆಗೆ ದಂಡವೂ ಇದೆ. ಉಳಿದ ಪೂರ್ಣ ತಿಂಗಳುಗಳ ತೆರಿಗೆ ತಾನಾಗಿ ವಾಪಸು ಬರುತ್ತದೆ. ವಿಮೆ ರದ್ದು ಮಾಡುವಾಗ, ಕ್ಲೇಮ್ ಇಲ್ಲದ ವರ್ಷಗಳ ಪತ್ರವನ್ನು ಕೇಳಿ ಪಡೆದುಕೊಳ್ಳಿ. ಎರಡು ವರ್ಷದೊಳಗೆ ಮತ್ತೆ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕಾರು ನೋಡಲು ಹೋಗುವವರಿಗೆಂದು ಸಂಘದ ಕಪಾಟಿನಲ್ಲಿ ಒಂದು ಟಾರ್ಚು, ಟೈರ್ ಅಳೆಯುವ ಗೇಜು, ಎಂಜಿನ್ ದೋಷ ಓದುವ ಸಣ್ಣ ಯಂತ್ರ ಇವೆ. ಹೆಸರು ಬರೆದು ಒಯ್ಯಿರಿ, ಭಾನುವಾರ ಕನ್ನಡ ಶಾಲೆ ಬಿಡುವ ಹೊತ್ತಿಗೆ ತಂದಿಡಿ. ಜೊತೆಗೆ ಬರಲು ಯಾರಾದರೂ ಬೇಕಿದ್ದರೆ ಎರಡು ದಿನ ಮೊದಲು ಹೇಳಿ. ಶನಿವಾರ ಬೆಳಿಗ್ಗೆಯಾದರೆ ನಾನೇ ಬರುತ್ತೇನೆ.